ಗುರುತು ಹಾಕಿದ ಸೀಟು

ಕಳೆದ ವರ್ಷ ಆಷಾಢದಲ್ಲಿ ಠಾಣಾ ಕುಶನೂರಿನ ನಮ್ಮ ಮನೆಯಂಗಳದಲ್ಲಿ ಎರಡು ಜೀವಗಳು ಕಾಯುತ್ತ ಬಿದ್ದಿದ್ದವು. ಒಂದು ಟಗರು, ಇನ್ನೊಂದು ನಾನು. ಟಗರನ್ನು ಬೀದರಿನ ಒಬ್ಬ ವ್ಯಾಪಾರಿ ಬಂದು ಒಯ್ಯಬೇಕಿತ್ತು. ನನಗೆ ದೂರದ ಊರಿನ ಒಂದು ವಿಶ್ವವಿದ್ಯಾಲಯ ಸಂಗೀತದ ಎಂ.ಎ.ಗೆ ಸೀಟು ಕೊಟ್ಟೆವು ಅನ್ನಬೇಕಿತ್ತು. ಟಗರು ಸೊಪ್ಪು ಮೇಯುತ್ತ ಆರಾಮಾಗಿತ್ತು. ನನಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಟಗರಿನ ಕಥೆ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನದು ತಿಳಿಯುವುದಿಲ್ಲ. ನಮ್ಮದು ಕುರಿ ಸಾಕುವ ಮನೆ, ಜೊತೆಗೆ ಒಂದಿಷ್ಟು ತೊಗರಿ, ಸೋಯಾ. ನಮ್ಮಲ್ಲಿ ಕುರಿ ಮಾರುವ ಪದ್ಧತಿ ಹೀಗೆ: ಕೊಳ್ಳುವವನು ಬರುತ್ತಾನೆ, ಹಲ್ಲು ನೋಡುತ್ತಾನೆ, ಬೆನ್ನು ಒತ್ತಿ ನೋಡುತ್ತಾನೆ, ಮಾತು ಕುದುರುತ್ತದೆ, ಅಪ್ಪ ‘ಹ್ಞೂಂ’ ಅನ್ನುತ್ತಾನೆ. ಬಂದವನು ಕುರಿಯ ಬೆನ್ನಿಗೆ ಕೆಂಪು ಬಣ್ಣ ಬಳಿದು ಹೋಗುತ್ತಾನೆ. ಮುಗಿಯಿತು. ಈ ವಾರ ಒಯ್ಯುತ್ತೇನೆ ಅಂದವನು ತಿಂಗಳು ಬಿಟ್ಟು ಬಂದರೂ ಕುರಿ ಅವನದೇ. ನಡುವೆ ಎಂಥ ಗಿರಾಕಿ ಬಂದು ನಿಂತರೂ ಅಪ್ಪ ಬೆನ್ನು ತೋರಿಸುತ್ತಾನೆ, ತನ್ನದಲ್ಲ, ಟಗರಿನದು. “ಗುರ್ತ ಅದರಿ” ಅನ್ನುತ್ತಾನೆ. ಅದರ ಮೇಲೆ ಮಾತಿಲ್ಲ.

ಇನ್ನು ನನ್ನ ಕಥೆ. ಬೀದರಿನಲ್ಲಿ ಬಿ.ಎ. ಮಾಡಿದೆ, ಸಂಗೀತವನ್ನು ಒಂದು ವಿಷಯವಾಗಿ ತೆಗೆದುಕೊಂಡು. ಅದಕ್ಕೂ ಮೊದಲಿನಿಂದ ಭಾಲ್ಕಿಯಲ್ಲಿ ಒಬ್ಬ ಗುರುಗಳ ಹತ್ತಿರ ಹಾಡು ಕಲಿಯುತ್ತಿದ್ದೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಗುನುಗುತ್ತ ಹೋಗುವುದು, ಪಾಠ ಮುಗಿಸಿ ಗುನುಗುತ್ತ ಬರುವುದು. ಕಂಡಕ್ಟರುಗಳೆಲ್ಲ ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಎಂ.ಎ. ಮಾಡಬೇಕು, ದೊಡ್ಡ ಗಾಯಕರ ಎದುರು ಕೂತು ಕಲಿಯಬೇಕು, ಆಮೇಲೆ ನನ್ನ ಕಾಲ ಮೇಲೆ ನಿಲ್ಲಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಅಪ್ಪ ಒಪ್ಪಿದ್ದ, ಆದರೆ ಒಂದು ಷರತ್ತು ಹಾಕಿ.

“ಸೀಟ್ ಸಿಕ್ಕರ ಕಳಸ್ತೇನಿ ತಾಯಿ. ಸಿಗಲಿಲ್ಲಂದ್ರ ಲಗ್ನದ ಮಾತ ತಗೀತೇನಿ. ಆವಾಗ ಒಲ್ಲೆ ಅನಬಾರ್ದು.”

ನಾನು ‘ಹ್ಞೂಂ’ ಅಂದೆ. ನಮ್ಮ ಮನೆಯಲ್ಲಿ ‘ಹ್ಞೂಂ’ ಅಂದರೆ ಏನು ಅನ್ನುವುದು ಈಗಾಗಲೇ ಹೇಳಿದ್ದೇನೆ.

ಹಾಡಿನ ಪರೀಕ್ಷೆಗೆ ಅಪ್ಪನೇ ಕರೆದುಕೊಂಡು ಹೋಗಿದ್ದ. ಅವನನ್ನು ಹೊರಗೆ ಪಡಸಾಲೆಯಲ್ಲಿ ಕೂರಿಸಿದರು. ಒಳಗೆ ಮೂವರು. ನಡುವಿನವರು ನನ್ನ ಕಾಗದ ನೋಡಿ, “ಬೀದರ್ ಅಂದ್ರೆ ಮಹಾರಾಷ್ಟ್ರ ಅಲ್ವೇನಮ್ಮ?” ಅಂದರು.

“ಅಲ್ಲ ಸರ್, ಕರ್ನಾಟಕ.”

“ಓಹೋ. ಕನ್ನಡ ಚೆನ್ನಾಗಿ ಬರುತ್ತಾ?”

ಕನ್ನಡದಲ್ಲೇ ಉತ್ತರ ಕೊಟ್ಟು ನಿಂತವಳಿಗೆ ಈ ಪ್ರಶ್ನೆ! ಇನ್ನೊಬ್ಬರು ಫೋನಿನಲ್ಲಿ ಮುಖ ಹುದುಗಿಸಿಕೊಂಡೇ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಮಧ್ಯಾಹ್ನ ಇಳಿದಿತ್ತು, ಮುಲ್ತಾನಿ ರಾಗ ಹಾಡುವ ಹೊತ್ತು, ಅದನ್ನೇ ಎತ್ತಿಕೊಂಡೆ. ಸಿಟ್ಟಿನಲ್ಲಿ ಹಾಡಬಾರದು ಅನ್ನುತ್ತಾರೆ ಗುರುಗಳು. ನಾನು ಸಿಟ್ಟಿನಲ್ಲೇ ಹಾಡಿದೆ, ಮತ್ತು ಚೆನ್ನಾಗಿ ಹಾಡಿದೆ. ಷಡ್ಜಕ್ಕೆ ಬಂದು ನಿಂತಾಗ ಫೋನಿನವರು ಫೋನು ಕೆಳಗಿಟ್ಟಿದ್ದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಹೇಳಿದ, “ನೀ ಹಾಡೂ ಮುಂದ ಅವ್ರು ಫ್ಯಾನ್ ಬಂದ್ ಮಾಡಿದ್ರು. ನಾ ಹೊರಗ ಕೂತು ಕೇಳಸ್ಕೊಂಡೇನಿ. ಅಂಥಾ ಬಿಸಲಾಗ ಫ್ಯಾನ್ ಬಂದ್ ಮಾಡಿ ಕೇಳ್ತಾರಂದ್ರ ಸೀಟ್ ನಿಂದೇ.” ಅಪ್ಪನಿಗೆ ರಾಗದ ಹೆಸರು ಗೊತ್ತಿಲ್ಲ. ಫ್ಯಾನ್ ನಿಂತದ್ದು ಗೊತ್ತು. ಆ ಮಾತಿನಿಂದ ನನಗೆ ಎಷ್ಟು ಧೈರ್ಯ ಬಂತೆಂದರೆ ಬೀದರ್ ಬರುವವರೆಗೂ ನಿದ್ದೆ ಹೊಡೆದೆ.

ಆಮೇಲೆ ಶುರುವಾಯಿತು ನೋಡಿ ಕಾಯುವುದು. ವೆಬ್‌ಸೈಟ್ ತೆಗೆದರೆ ‘ಫಲಿತಾಂಶ ಶೀಘ್ರದಲ್ಲಿ ಪ್ರಕಟವಾಗಲಿದೆ.’ ಮರುದಿನವೂ ಶೀಘ್ರದಲ್ಲಿ. ವಾರ ಬಿಟ್ಟು ನೋಡಿದರೂ ಶೀಘ್ರದಲ್ಲಿ. ಆ ಪದ ಬರೆದವನು ಸಿಕ್ಕಿದ್ದರೆ ಕುರಿ ಕಾಯುವ ಕೋಲಿನಿಂದ ಎರಡು ಬಿಗಿಯುತ್ತಿದ್ದೆ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಕುರಿ ಹಟ್ಟಿಯ ಹಿಂದಿನ ಬೇವಿನ ಗಿಡದ ಕೆಳಗೆ ಹೋಗಬೇಕು. ಅಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳನ್ನು ಹಾದಿಯಲ್ಲಿ ಹೋಗುವವರೆಲ್ಲ ಮಾತಾಡಿಸುವವರೇ. “ಏನಾತು ನಿಂದು? ಬಂತಾ?” ಮಳೆ ಬಂತಾ ಅಂತ ಕೇಳಿದ ಹಾಗೆ. “ಇನ್ನೂ ಇಲ್ಲೇನು? ಅಯ್ಯ!” ಆ ‘ಅಯ್ಯ’ದಲ್ಲಿ ಎಷ್ಟು ಖುಷಿ ಇರುತ್ತಿತ್ತು ಅಂತೀರಿ.

ಭಾಲ್ಕಿಗೆ ಹೋದರೆ ಗುರುಗಳು, “ಕಾಯೋದೂ ಒಂದು ರಿಯಾಜ್ ಇದ್ದಂಗವ್ವ. ಸ್ವರ ಹಚ್ಚು” ಅಂದರು. ಅವರಿಗೇನು, ಹೇಳುತ್ತಾರೆ. ಅವರ ಮಗಳಿಗೆ ಯಾರೂ ಷರತ್ತು ಹಾಕಿರಲಿಲ್ಲ. ಸ್ವರ ಹಚ್ಚಿದೆ, ಅದು ಹತ್ತಲಿಲ್ಲ.

ಹೀಗಿರುವಾಗ ನೌಬಾದದ ನನ್ನ ಗೆಳತಿಯ ವಾಟ್ಸಪ್ ಸ್ಟೇಟಸ್ ಬಂತು. ಬಿ.ಎ.ಯಲ್ಲಿ ನನ್ನ ಜೊತೆಗಿದ್ದವಳು, ಅದೇ ದಿನ ಅಲ್ಲೇ ಪರೀಕ್ಷೆ ಕೊಟ್ಟವಳು. ವಿಶ್ವವಿದ್ಯಾಲಯದ ಗೇಟಿನ ಮುಂದೆ ನಿಂತು ಹಲ್ಲು ಕಿರಿದಿದ್ದಳು. ಫೋನ್ ಮಾಡಿದೆ.

“ನಂಗ ಸಿಕ್ತು ನೋಡ ಮಾರಾಯ್ತಿ, ಇವತ್ತ ಅಡ್ಮಿಷನ್ ಮಾಡ್ಸಿ ಬಂದೆ!” ಅಂದಳು. “ನಿನ್ಗೂ ಬಂದಿರಬೇಕಲ್ಲ? ಲಿಸ್ಟ್ ಹಚ್ಚೂಕಿಂತ ಮದ್ಲ ಸಿಕ್ಕೋರಿಗೆಲ್ಲ ಅವರೇ ಫೋನ್ ಮಾಡ್ಯಾರ.”

“ಹ್ಞಾಂ, ನೋಡ್ತೇನಿ” ಅಂದು ಇಟ್ಟೆ. ನನ್ನ ಫೋನಿಗೆ ಯಾರೂ ಮಾಡಿರಲಿಲ್ಲ. ಆಗ ನೆನಪಾಯಿತು. ಅರ್ಜಿ ತುಂಬಿದ್ದು ಔರಾದಿನ ಆನ್‌ಲೈನ್ ಸೆಂಟರಿನಲ್ಲಿ. ನಮ್ಮ ಮನೆಯಲ್ಲಿ ಆಧಾರಿಗೂ, ಬ್ಯಾಂಕಿಗೂ, ರೇಷನ್ನಿಗೂ ಅಪ್ಪನ ನಂಬರೇ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹೀಗೆಯೇ. ಹೆಂಗಸರ ಹೆಸರು ಇರುತ್ತದೆ, ನಂಬರ್ ಗಂಡಸರದು. ಅವತ್ತೂ ಸೆಂಟರಿನವನು ಕೇಳದೆಯೇ ಅದನ್ನೇ ಒತ್ತಿದ್ದ.

ಓಡಿ ಹೋಗಿ ಹಟ್ಟಿಯಲ್ಲಿದ್ದ ಅಪ್ಪನನ್ನು ಕೇಳಿದೆ. “ಅಪ್ಪಾ, ನಿನ್ನ ಫೋನಿಗೆ ಯುನಿವರ್ಸಿಟಿಯೋರು ಫೋನ್ ಮಾಡಿದ್ರೇನು?”

ಅಪ್ಪ ಕುರಿಯ ಗೊರಸಿಗೆ ಔಷಧ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ. “ಹೇಳೂ ಹೊತ್ತಿಗೆ ಹೇಳ್ತೇನಿ ಬಿಡು ತಾಯಿ. ಯಾಕ ಇಷ್ಟ ಒದ್ದಾಡ್ತಿ?”

ನಾನು ಅದನ್ನು ‘ಬಂದರೆ ಹೇಳುತ್ತೇನೆ’ ಅಂತ ಕೇಳಿಸಿಕೊಂಡೆ. ಯಾರಾದರೂ ಹಾಗೆಯೇ ಕೇಳಿಸಿಕೊಳ್ಳುತ್ತಾರೆ. ನಾನು ಕೇಳಿದ್ದೆ, ನೆನಪಿಡಿ. ಬಾಯಿ ಬಿಟ್ಟು ಕೇಳಿದ್ದೆ.

ಕಚೇರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಕೊನೆಗೊಬ್ಬ ಎತ್ತಿ, ನನ್ನ ಹೆಸರನ್ನೂ ಕೇಳದೆ, “ಸೆಲೆಕ್ಟ್ ಆದವರಿಗೆಲ್ಲ ಹೇಳಿದೀವಮ್ಮ” ಅಂದು ಇಟ್ಟುಬಿಟ್ಟ. ಅಷ್ಟೇ. ನನಗೆ ಯಾರೂ ಹೇಳಿಲ್ಲ, ಹಾಗಾದರೆ ನಾನು ಆಗಿಲ್ಲ. ಆಮೇಲೆ ವೆಬ್‌ಸೈಟನ್ನೂ ತೆಗೆದು ನೋಡಲಿಲ್ಲ.

ಬೇವಿನ ಗಿಡದ ಕೆಳಗಿಂದ ಮನೆಗೆ ಬಂದವಳು ಕೊಡಪಾನ ಒದ್ದೆ. “ಬೆಂಕಿ ಹತ್ಲಿ ಆ ಯುನಿವರ್ಸಿಟಿಗಿ!” ಅಂದೆ.

ಅಪ್ಪ ಬಾಗಿಲಲ್ಲೇ ಗದರಿದ. “ಬಿಡ್ತು ಅನ್ನು! ಆಷಾಢದಾಗ ಮನಿ ಹೆಣ್ಮಗಳು ಅಂಥಾ ಮಾತ ಆಡಬಾರ್ದು. ಅನ್ನು ಮದ್ಲ.”

“ಬಿಡ್ತು” ಅಂದೆ, ಹಲ್ಲು ಕಚ್ಚಿಕೊಂಡು. ಅಪ್ಪನಿಗೆ ಆಷಾಢ ಅಂದರೆ ಹಾಗೆ. ಆ ತಿಂಗಳು ಹೊಸ ಕೆಲಸವಿಲ್ಲ, ಶುಭದ ಮಾತಿಲ್ಲ, ಹೊಸ ಕೋಲನ್ನೂ ಕಡಿದು ತರುವುದಿಲ್ಲ.

ಆದರೆ ಅವನು ಗದರಿದ ಮೇಲೆ ಅವ್ವನ ಕಡೆ ನೋಡಿ ತುಟಿಯಂಚಿನಲ್ಲಿ ನಕ್ಕಿದ್ದನ್ನು ನಾನು ಕಂಡೆ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ಆಮೇಲಿಂದ ಮನೆಯಲ್ಲಿ ಏನೋ ನಡೆದಿದೆ ಅನ್ನಿಸತೊಡಗಿತು. ಅವ್ವ ಔರಾದಿಗೆ ಹೋಗಿ ನನಗೊಂದು ಹೊಸ ಸೀರೆ ತಂದು ಟ್ರಂಕಿನಲ್ಲಿ ಬಚ್ಚಿಟ್ಟಳು. ಒಂದು ದಿನ ಒಲೆ ಮುಂದೆ ಅವ್ವ ಪಿಸುಗುಟ್ಟಿದ್ದು ಕೇಳಿಸಿತು: “ಹುಡುಗಿ ಸೊರಗ್ಯಾಳ್ರಿ. ಹೇಳಿಬಿಡ್ರಿ ಇನ್ನ.” ಅಪ್ಪ, “ಅಮಾಸಿ ಒಂದ್ ಮುಗೀಲಿ. ಶ್ರಾವಣ ಹತ್ತಿದ ಕೂಡ್ಲೆ ಹೇಳ್ತೇನಿ. ಇಷ್ಟ ದಿನ ತಡದೀ, ಇನ್ನೊಂದ್ ನಾಕ ದಿನ ತಡಿ” ಅಂದ.

ಸೀರೆ, ಶ್ರಾವಣ, ಪಿಸುಮಾತು. ಇನ್ನೇನು ತಿಳಿಯಬೇಕು? ವರ ನೋಡಿದ್ದಾರೆ! ಸೀಟು ಸಿಗಲಿಲ್ಲ ಅಂತ ಇವರಿಗೆ ಗೊತ್ತಾಗಿದೆ, ಇವರಿಗೆ ಒಳಗೊಳಗೇ ಸಂತೋಷವಾಗಿದೆ. ನನ್ನ ಮೈಯೆಲ್ಲ ಉರಿಯಿತು. ಅವತ್ತಿನಿಂದ ಇಬ್ಬರ ಜೊತೆಗೂ ಮಾತು ಬಿಟ್ಟೆ. ತಂಬೂರಿಗೆ ಗವಸು ಹಾಕಿ ಮೂಲೆಗೆ ನಿಲ್ಲಿಸಿದೆ. ಟಗರಿಗೆ ಸೊಪ್ಪು ಹಾಕುವಾಗ ಅದರ ಬೆನ್ನಿನ ಕೆಂಪು ನೋಡಿ, ನನಗೂ ಹೀಗೆಯೇ ಬಳಿದಿದ್ದಾರೆ ಅಂದುಕೊಂಡು ಅತ್ತೆ.

ಅಮಾವಾಸ್ಯೆ ಮುಗಿಯಿತು. ಮರುದಿನ ಬೆಳಿಗ್ಗೆ ಅವ್ವ ತಲೆಗೆರೆದುಕೊಂಡು ಹೋಳಿಗೆಗೆ ಬೇಳೆ ಇಟ್ಟಳು. ಹೊಸ ಸೀರೆ ತಂದು ನನ್ನ ಮುಂದೆ ಹಿಡಿದಳು. ನಾನು ಅದನ್ನು ಎತ್ತಿ ಒಗೆದೆ.

“ನಾ ಲಗ್ನ ಆಗಂಗಿಲ್ಲ! ಯಾವನರ ಬರ್ಲಿ, ಕುರಿ ಹಟ್ಟ್ಯಾಗ ಕೂಡ್ತೇನಿ ಖರೆ ಆಗಂಗಿಲ್ಲ!”

ಇಬ್ಬರೂ ನಕ್ಕರು. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪ ದೇವರ ಮುಂದಿನ ಭಂಡಾರದ ಅರಿಶಿನ ತಂದು ನನ್ನ ಹಣೆಗೆ ಹಚ್ಚಿದ. ಅವನ ಕಣ್ಣಲ್ಲಿ ನೀರಿತ್ತು. “ಲಗ್ನ ಯಾರಿಗಿ ಬೇಕಾಗ್ಯಾದ ಹುಚ್ಚಿ? ನಿನ್ಗ ಸೀಟ್ ಸಿಕ್ಕಾದ. ಯುನಿವರ್ಸಿಟಿಯೋರು ನನಗೇ ಫೋನ್ ಮಾಡಿದ್ರು. ನಿಮ್ಮ ಮಗಳು ಸೆಲೆಕ್ಟ್ ಆಗ್ಯಾಳ್ರಿ ಯಜಮಾನ್ರ ಅಂದ್ರು. ನಾ ಹ್ಞೂಂ ಅಂದೇನಿ.”

ನಾನು ನಿಂತಲ್ಲೇ ನಿಂತೆ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಒಂದು ಉಸಿರಿನಷ್ಟು ಹೊತ್ತು ಅಂಥ ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ. ಆಮೇಲೆ ಗೆಳತಿಯ ಫೋಟೊ ನೆನಪಾಯಿತು.

“ಯಾವಾಗ ಮಾಡಿದ್ರು?”

“ಆಗ್ಯಾವ ಬಾಳ ದಿನ. ಆಷಾಢ ಹತ್ತಿದ್ದು ಆಗ. ಇಂಥಾ ಸುದ್ದಿ ಆಷಾಢದಾಗ ಹ್ಯಾಂಗ ಬಾಯಿಂದ ತಗೀಲಿ ತಾಯಿ? ಮನಿಗಿ ಬಂದ ಮದ್ಲನೇ ಇಂಥಾ ಸುದ್ದಿ. ಕೆಡಬಾರ್ದಂತ ಹೊಟ್ಟ್ಯಾಗ ಇಟಗೊಂಡೆ.”

“ಬಂದು ಅಡ್ಮಿಷನ್ ಮಾಡ್ಸ್ರಿ ಅನ್ನಲಿಲ್ಲಾ ಅವ್ರು?”

“ಅಂದ್ರು. ಈ ವಾರ ಬಂದು ಕಾಗದ ಕೊಟ್ಟು ಹೋಗ್ರಿ ಅಂದ್ರು. ಹ್ಞೂಂ ಅಂದೆನಲ್ಲ? ಮಾತ ಆಗ್ಯಾದ. ಗುರ್ತ ಹಾಕಿದಂಗ. ಇವತ್ತ ಹೋಗೂಣು ನಡಿ.”

ನಾನು ಬೇವಿನ ಗಿಡದತ್ತ ಓಡಿದೆ. ಈ ಸಲ ಮೊದಲ ಸಲಕ್ಕೇ ಎತ್ತಿದರು. ಹೆಸರು ಹೇಳಿದೆ. ಆ ಕಡೆ ಹಾಳೆ ಮಗುಚುವ ಸದ್ದು. “ನಿಮ್ಮ ತಂದೆಗೆ ತಿಳಿಸಿದ್ವಲ್ಲಮ್ಮ. ಯಾರೂ ಬರಲಿಲ್ಲ. ವೇಟಿಂಗ್ ಲಿಸ್ಟಲ್ಲಿ ಇದ್ದವರಿಗೆ ಕೊಟ್ಟಾಯ್ತು.”

ಒಳಗೆ ಬಂದು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಚಿಕೆ ಅಂತಲ್ಲ, ಅಷ್ಟು ಜಾಗವಿಲ್ಲ ಅಂತ. ಓಣಿಯೆಲ್ಲ ಕೂಡಿತು. ಅಪ್ಪ ಭಂಡಾರದ ಬೆರಳನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದ. “ಹ್ಯಾಂಗ ಕೊಡ್ತಾರ?” ಅನ್ನುತ್ತಿದ್ದ. “ನಾ ಹ್ಞೂಂ ಅಂದಮ್ಯಾಲ ಬ್ಯಾರೇದೋರಿಗಿ ಹ್ಯಾಂಗ ಕೊಡ್ತಾರ?” ಅವನಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು. ಕೆಟ್ಟವನಾಗಿದ್ದರೆ ದ್ವೇಷಿಸಿ ಹಗುರಾಗುತ್ತಿದ್ದೆ.

ಹೋಳಿಗೆ ಯಾರೂ ತಿನ್ನಲಿಲ್ಲ. ಅಪ್ಪ ಅದೇ ದಿನ ಹೆಗಲಿಗೆ ಕಂಬಳಿ ಹಾಕಿ, ನಡಿ ಅಂದ. ಹೋದೆವು. ಕಚೇರಿಯಲ್ಲಿ ಅವನು ಗುಮಾಸ್ತನ ಮೇಜಿನ ಮುಂದೆ ಕೈ ಜೋಡಿಸಿ ನಿಂತು ಹೇಳಿದ, “ಸಾಹೇಬ್ರ, ನೀವ ಕೊಡ್ತೇವಿ ಅಂದ್ರಿ, ನಾ ಹ್ಞೂಂ ಅಂದೆ. ಮಾತ ಅಲ್ಲಿಗಿ ಆತಲ್ರಿ?”

ಗುಮಾಸ್ತ ಕಂಬಳಿ ನೋಡಿದ, ನನ್ನ ನೋಡಿದ. “ಯಜಮಾನ್ರೇ, ಟೈಮ್ ಅಂತ ಇರುತ್ತೆ. ಇದೇನು ಕುರಿ ಸಂತೆನಾ?”

ಹಿಂದೆ ನಿಂತ ಇಬ್ಬರು ನಕ್ಕರು. ಅಪ್ಪ ತಲೆ ತಗ್ಗಿಸಿದ. ಮನೆಯಲ್ಲಿ ನಾನು ಅವನಿಗೆ ಅದಕ್ಕಿಂತ ಕೆಟ್ಟ ಮಾತು ಆಡಿದ್ದೆ. ಆದರೆ ಅವನು ನನ್ನಪ್ಪ, ಬಯ್ಯುವುದು ನನ್ನ ಹಕ್ಕು. ಇವನು ಯಾರು?

“ಕುರಿ ಸಂತೆ ಆಗಿದ್ದರೆ ನನ್ನ ಸೀಟು ಇನ್ನೂ ನನ್ನದೇ ಆಗಿರುತ್ತಿತ್ತು ಸರ್” ಅಂದೆ. “ನಾನು ಇಲ್ಲಿಗೆ ಫೋನ್ ಮಾಡಿದ್ದೆ. ಆಗಿನ್ನೂ ವಾರ ಮುಗಿದಿರಲಿಲ್ಲ. ನೀವು ನನ್ನ ಹೆಸರೂ ಕೇಳದೆ ಇಟ್ಟಿರಿ.” ಅವನು ‘ಮುಂದಿನ ವರ್ಷ ಹಾಕಿಕೊಳ್ಳಿ’ ಅಂದು ಕಂಪ್ಯೂಟರಿನ ಕಡೆ ತಿರುಗಿದ. ತಿರುಗಿ ಬರುವ ಬಸ್ಸಿನಲ್ಲಿ ನಾನೂ ಅಪ್ಪನೂ ಬೇರೆ ಬೇರೆ ಸೀಟಿನಲ್ಲಿ ಕೂತೆವು.

ಶ್ರಾವಣ ಅರ್ಧ ಕಳೆದ ಮೇಲೆ ಬೀದರಿನ ಆ ವ್ಯಾಪಾರಿ ಬಂದ. ಹಣ್ಣು ಹಣ್ಣು ಮುದುಕ, ತಲೆಗೆ ಟೋಪಿ, ಮುಖದ ತುಂಬ ನಗೆ. “ಮಾಫ್ ಕರೋ ಭಾಯ್, ಬಾಳ ದೇರ್ ಆತು. ಮನ್ಯಾಗ ತಬಿಯತ್ ಖರಾಬ್ ಇತ್ತು” ಅಂದ. ಒಂದು ಫೋನನ್ನೂ ಮಾಡಿರಲಿಲ್ಲ ಆ ಮನುಷ್ಯ. ಈ ವಾರ ಒಯ್ಯುತ್ತೇನೆ ಅಂದು ಹೋದವನು! ಅಪ್ಪ ಟಗರಿನ ಹಗ್ಗ ಬಿಚ್ಚಿ ಕೈಗೆ ಕೊಟ್ಟ. ಅದು ನಮ್ಮ ಸೊಪ್ಪು ತಿಂದು ಮೊದಲಿಗಿಂತ ದುಂಡಗಾಗಿತ್ತು.

“ಯಾರೂ ಕೇಳಲಿಲ್ಲೇನು?” ಅಂದ ಮುದುಕ, ಅದರ ಬೆನ್ನು ಸವರುತ್ತ.

“ಕೇಳಿದ್ರು. ನಿಮ್ಮ ಗುರ್ತ ಇತ್ತಲ್ರಿ.”

ನನಗೆ ತಡೆಯಲಾಗಲಿಲ್ಲ. “ಟಗರಿಗಿ ಇರೂ ಕಿಮ್ಮತ್ತು ನನಗಿಲ್ಲ!” ಅಂತ ಚೀರಿದೆ. ಮುದುಕ ಗಾಬರಿಯಾಗಿ ಅಪ್ಪನ ಮುಖ ನೋಡಿದ. ಅಪ್ಪ ಹಟ್ಟಿಯೊಳಗೆ ಹೋದ. ಕತ್ತಲಾಗುವವರೆಗೂ ಹೊರಗೆ ಬರಲಿಲ್ಲ.

ಷರತ್ತಿನ ಪ್ರಕಾರ ಲಗ್ನದ ಮಾತು ತೆಗೆಯಬೇಕಿತ್ತು. ಸಂಬಂಧಗಳು ಬಂದವು, ಒಂದಲ್ಲ ಎರಡಲ್ಲ. ಅಪ್ಪ ಪ್ರತಿಯೊಬ್ಬರನ್ನೂ ಚಹಾ ಕೊಟ್ಟು ಕಳಿಸಿದ. “ಹುಡುಗಿ ಓದ್ಲಕತ್ತಾಳ್ರಿ” ಅಂದ. ಓದುತ್ತಿರಲಿಲ್ಲ ನಾನು, ಮನೆಯಲ್ಲಿ ಬಿದ್ದಿದ್ದೆ. ಅವನು ಕೊಟ್ಟ ಮಾತನ್ನು ತಾನೇ ಮುರಿದದ್ದು ನಾನು ಕಂಡದ್ದು ಅದೊಂದೇ ಸಲ. ಅದಕ್ಕೂ ನನಗೆ ಸಿಟ್ಟು ಬಂತು. ಮೊದಲೇ ಮುರಿಯಬಾರದಿತ್ತೇ, ಆಷಾಢದ ನೇಮವನ್ನು?

ಈ ವರ್ಷ ಮತ್ತೆ ಅರ್ಜಿ ಹಾಕಿದೆ. ಔರಾದಿನ ಸೆಂಟರಿನವನು ರೂಢಿಯಂತೆ, “ಅಪ್ಪಾರ ನಂಬರ್ ಅಲ್ರಿ?” ಅಂದ. “ನಂದ ಹಾಕ್ರಿ” ಅಂದೆ. ಅಪ್ಪ ಪಕ್ಕದಲ್ಲೇ ನಿಂತಿದ್ದ, ಬೇರೆ ಕಡೆ ನೋಡಿದ. ಮತ್ತೆ ಹೋಗಿ ಹಾಡಿ ಬಂದೆ. ಮತ್ತೆ ‘ಶೀಘ್ರದಲ್ಲಿ’. ಇವತ್ತಿಗೂ ‘ಶೀಘ್ರದಲ್ಲಿ’. ಮತ್ತೆ ಆಷಾಢ ಬಂದು ಕೂತಿದೆ, ಈ ಸಲವೂ ಸರಿಯಾಗಿ ನನ್ನ ಹೊತ್ತಿಗೇ.

ನಿನ್ನೆ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಕೂತಿದ್ದಾಗ ಫೋನ್ ಬಡಿಯಿತು. ಗೊತ್ತಿಲ್ಲದ ನಂಬರ್. ಎತ್ತುವಷ್ಟರಲ್ಲಿ ಅಪ್ಪ ಹಟ್ಟಿಯಿಂದ ಓಡಿ ಬಂದ, ಚಪ್ಪಲಿಯಿಲ್ಲದೆ, ಕೈಯೆಲ್ಲ ಹಿಕ್ಕೆ. “ಎತ್ತು! ಎತ್ತು ಲಗೂ!” ಅಂದ. ಹಿಂದೆ ಅವ್ವ, ಹಿಟ್ಟಿನ ಕೈಯಲ್ಲಿ. ಎತ್ತಿದೆ. ಯಾವುದೋ ಕಂಪನಿಯ ಹುಡುಗಿ, ಸಾಲ ಬೇಕೇ ಅಂತ ಹಿಂದಿಯಲ್ಲಿ ಕೇಳಿದಳು. ಇಟ್ಟೆ.

“ಯಾರು?” ಅಂದ ಅಪ್ಪ.

“ಯಾರೂ ಅಲ್ಲ. ಸಾಲ ಕೊಡೋರು.”

ಅಪ್ಪ ಅಲ್ಲೇ ನಿಂತ. ಏದುಸಿರು ಬಿಡುತ್ತಿದ್ದ. ಅವ್ವ ಅವನನ್ನು ಸಮಾಧಾನ ಮಾಡಲು ಹೋದಳು, “ಇರ್ಲಿ ಬಿಡ್ರಿ, ಇನ್ನೂ ಆಷಾಢ ಅದ. ಮುಗದ ಮ್ಯಾಲೇ ಬರ್ಲಿ, ಚಲೋ ಆಗ್ತದ.”

“ಬೆಂಕಿ ಹತ್ಲಿ ಈ ಆಷಾಢಕ್ಕ!” ಅಂದ ಅಪ್ಪ. ಅವನ ದನಿ ಅಷ್ಟು ದೊಡ್ಡದಿದೆ ಅಂತ ನನಗೆ ಗೊತ್ತಿರಲಿಲ್ಲ. ಕುರಿಗಳು ಬೆದರಿ ಒಂದು ಮೂಲೆಗೆ ಒತ್ತಿಕೊಂಡವು.

ಅವ್ವ ಹಿಟ್ಟಿನ ಕೈಯಿಂದಲೇ ಕೆನ್ನೆ ಬಡಿದುಕೊಂಡಳು. “ಅಯ್ಯಯ್ಯ, ಏನಂತೀರಿ! ಬಿಡ್ತು ಅನ್ರಿ, ಮದ್ಲ ಬಿಡ್ತು ಅನ್ರಿ!”

ಅಪ್ಪ ನನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತಿದ್ದ. ಬಿಡ್ತು ಅನ್ನಲಿಲ್ಲ.